ಭಂಗಾರ ಬಜಾರಿನ ಎಮರಿ ಕಲ್ಲು

ಅಣ್ಣನ ಬಲಗೈ ಭುಜದಿಂದ ಮೇಲೆ ಏಳದೆ ಹೋದಾಗ ನಾವು ಮಶೀನು ಕೊಳ್ಳುವ ಮಾತನ್ನು ಮತ್ತೆ ತೆಗೆದೆವು. ಮೊದಲು ತೆಗೆದಾಗೆಲ್ಲ ಅವನು "ಕೈಗೆ ಬರಲಾರದ್ದು ಮಶೀನಿಗೆ ಎಲ್ಲಿಂದ ಬರ್ತೈತಿ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಈಗ ಅಂಗಿಯ ತೋಳಿಗೆ ಕೈ ಹಾಕಲು ಅವ್ವ ಹಿಡಿಯಬೇಕಾಗಿತ್ತು, ಹೀಗಾಗಿ ಬಾಯಿ ಮುಚ್ಚಿಸುವ ದರ್ಪ ಉಳಿದಿರಲಿಲ್ಲ. ಅರ ಹಿಡಿದು ಉಜ್ಜುವುದನ್ನು ಬಿಡದಿದ್ದರೆ ಕೈ ಶಾಶ್ವತವಾಗಿ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಕ್ಕಲಕೋಟೆಯ ಅಂಚಿನಲ್ಲಿ ನಮ್ಮದೊಂದು ತಗಡಿನ ಶೆಡ್ಡಿತ್ತು. ಅಲ್ಲಿ ನಾವು ಹಿತ್ತಾಳೆಯ ಸಮಯಿಗಳನ್ನು, ಅಂದರೆ ದೇವರ ಮುಂದೆ ನಿಲ್ಲಿಸುವ ಎತ್ತರದ ದೀಪಗಳನ್ನು, ತಿದ್ದಿ ತೀಡಿ ಮಾರಾಟಕ್ಕೆ ಸಿದ್ಧ ಮಾಡುತ್ತಿದ್ದೆವು. ಎರಕ ಹೊಯ್ಯುವವರು ಬೇರೆ. ಅವರ ಕಡೆಯಿಂದ ಬರುವ ದೀಪ ನೋಡಲಿಕ್ಕೆ ಹೊಲದಲ್ಲಿ ಕಿತ್ತ ಗೆಣಸಿನ ಹಾಗೆ ಇರುತ್ತಿತ್ತು: ಮೈತುಂಬ ಮರಳು, ಅಂಚಿಗೆಲ್ಲ ಮುಳ್ಳು, ಲೋಹ ಹೊಯ್ದ ಬಾಯಿಯ ಹತ್ತಿರ ಹೆಬ್ಬೆರಳಿನಷ್ಟು ದಪ್ಪ ಗಡ್ಡೆ. ಆ ಗಡ್ಡೆಯನ್ನು ಗರಗಸದಿಂದ ಕೊಯ್ದು, ಬುಡವನ್ನು ದೊಡ್ಡ ಅರದಿಂದ ಸವೆಸಿ, ಸಂದುಗೊಂದುಗಳಿಗೆ ಸಣ್ಣ ಅರ ಆಡಿಸಿ, ಆಮೇಲೆ ಎಮರಿ ಕಾಗದ, ಆಮೇಲೆ ಪಾಲಿಶ್. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಇದನ್ನು ಕಟ್ಟಿದ. ನಾನು ಅವನ ಹಿಂದೆ ನಿಂತು ಕಲಿತವನು, ಅವನ ಅರ್ಧ ಕೆಲಸವೂ ನನಗೆ ಬರುತ್ತಿರಲಿಲ್ಲ.

ಸೊಲ್ಲಾಪುರದ ಪೇಟೆಯಲ್ಲಿ ನಮ್ಮ ಕಾಕಾನ ಭಾಂಡೆ ಅಂಗಡಿ, ಅಂದರೆ ಪಾತ್ರೆ ಅಂಗಡಿ, ಇತ್ತು. ಎಪ್ಪತ್ತೈದನೆಯ ಇಸವಿಯ ಸುಮಾರಿಗೆ ಆ ಅಂಗಡಿಯಿಂದ ಹಿತ್ತಾಳೆ ಕೊಡಗಳು ಒಂದೊಂದಾಗಿ ಹಿಂದಿನ ಕೋಣೆಗೆ ಸರಿದು, ಮುಂದೆಲ್ಲ ಸ್ಟೀಲು ಬಂದು ಕೂತಿತ್ತು. ಆದರೆ ಸ್ಟೀಲಿನ ತಾಟಿನಲ್ಲಿ ಉಣ್ಣುವವರೂ ದೇವರ ಮುಂದೆ ಸ್ಟೀಲಿನ ದೀಪ ಹಚ್ಚಲಿಲ್ಲ, ನಮ್ಮ ಪುಣ್ಯ. ಕೈ ನಡೆಯದಿದ್ದರೆ ಅಂಗಡಿಗೆ ಬಂದು ಕೂತುಕೋ ಎಂದು ಕಾಕಾ ಅಣ್ಣನಿಗೆ ಹೇಳಿ ಕಳಿಸಿದ್ದ. ಕರೆದದ್ದು ಪ್ರೀತಿಯಿಂದಲೇ. ಅಣ್ಣ ಮಾತ್ರ, "ಸ್ಟೀಲ್ ಬಟ್ಲಾ ತೂಗಕೋತ ಕೂಡೂದಕ್ಕಿಂತ ಈ ಕೈ ಕಡಕೊಂಡು ಕೂಡ್ತೀನಿ" ಎಂದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಭುಜಕ್ಕೆ ಭಾರವಿಲ್ಲದೆ ಅವನು ಇದೇ ಕೆಲಸ ಮಾಡಬೇಕಾದರೆ ತಿರುಗುವ ಕಲ್ಲು ಬೇಕು. ಹೊಸದು ನಮ್ಮ ಕೈಗೆ ನಿಲುಕುವಂತಿರಲಿಲ್ಲ.

ಹೀಗಾಗಿ ಇಬ್ಬರೂ ಸೊಲ್ಲಾಪುರದ ಗುಜರಿ ಪೇಟೆಗೆ ಹೋದೆವು. ಗುಜರಿಗೆ ಅಲ್ಲಿ ಮರಾಠಿಯಲ್ಲಿ ಭಂಗಾರ ಎನ್ನುತ್ತಾರೆ. "ಭಂಗಾರ ತರಾಕ ಹೊಂಟೀವಿ" ಎಂದು ಅಣ್ಣ ಹೇಳಿದ್ದಕ್ಕೆ ಅವ್ವ, "ತರೂದಾದ್ರ ಒಂದು ಎಳಿ ನನಗೂ ತರ್ರಿ" ಎಂದು ಕೊರಳು ತೋರಿಸಿದ್ದಳು. ಅವಳು ನಗಿಸುವುದಿದ್ದರೆ ಹೀಗೆಯೇ, ಮುಖ ಗಂಟು ಹಾಕಿಕೊಂಡು.

ಅಂಗಡಿಯವನು ಮುಂಚೆ ಯಾವುದೋ ಗಿರಣಿಯಲ್ಲಿ ಫಿಟರ್ ಆಗಿದ್ದವನು. ಮರಾಠಿಯೂ ಕನ್ನಡವೂ ಅವನ ಬಾಯಲ್ಲಿ ಒಂದೇ ಭಾಷೆಯಾಗಿದ್ದವು. ನಾವು ನೋಡಿದ ಮಶೀನು ಪಟ್ಟದ, ಅಂದರೆ ಬೆಲ್ಟಿನ, ಮೇಲೆ ಓಡುವಂಥದು: ಒಂದು ದಂಡ, ಅದರ ಒಂದು ತುದಿಗೆ ಎಮರಿ ಕಲ್ಲು, ಇನ್ನೊಂದು ತುದಿಗೆ ಪಾಲಿಶ್ ಮಾಡುವ ಬಟ್ಟೆಯ ಚಕ್ರ, ನಡುವೆ ಪಟ್ಟ ಕೂರುವ ಪುಲಿ, ಬದಿಗೆ ಮೋಟರು. ಅಣ್ಣ ದಂಡವನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿದ. ಬೇರಿಂಗ್ ಸವೆದಿದ್ದರೆ ಕೈಗೆ ಟಕಟಕ ಎನ್ನುತ್ತದೆ. ಅನ್ನಲಿಲ್ಲ. ಒಂದು ಕಡ್ಡಿಯನ್ನು ದಂಡಕ್ಕೆ ತಾಗಿಯೂ ತಾಗದ ಹಾಗೆ ಹಿಡಿದು ತಿರುಗಿಸಿ, ದಂಡ ಬಾಗಿದೆಯೋ ಎಂದು ನೋಡಿದ. ಮೋಟರಿನ ಬಾಯಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಇದೆಯೋ ಎಂದು ಮೂಸಿದ. ಕಲ್ಲನ್ನು ಮುಚ್ಚುವ ಕಬ್ಬಿಣದ ಟೋಪಿ ಮಾತ್ರ ಇರಲಿಲ್ಲ, ಯಾರೋ ಅದನ್ನು ಬೇರೆ ಮಾರಿಕೊಂಡಿದ್ದರು.

ಕೊನೆಗೆ ಅಂಗಡಿಯವನು ಕಲ್ಲನ್ನು ಬಿಚ್ಚಿ, ನಡುವಿನ ತೂತಿಗೆ ಬೆರಳು ತೂರಿಸಿ ತೂಗಾಡಿಸಿ, ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಕೆಯಿಂದ ಮೆಲ್ಲಗೆ ಬಡಿದ. ಟಣ್ಣೆಂದಿತು.

"ಐಕಾ, ಕೇಳ್ರಿ ಮಾಲಕ, ಘಂಟಿ ಐತಿ ಘಂಟಿ. ಒಳಗ ಬಿರುಕು ಇದ್ರ ಡಬ್ ಅಂತೈತಿ. ಊರಿಗೆ ಒಯ್ದ ಮ್ಯಾಲೂ ಹಿಂಗ ಬಡದು ನೋಡ್ರಿ, ಹಾದ್ಯಾಗ ಬಿದ್ದು ಗಿದ್ದೀತು."

ಅದರ ಜೊತೆಗೆ ಇನ್ನೊಂದು ಹತಾರವನ್ನೂ ಕೊಂಡೆವು. ಬಾಗುವ ಉದ್ದ ಕೊಳವೆ, ಒಳಗೆ ಹುರಿಹಾಕಿದ ಉಕ್ಕಿನ ತಂತಿ, ತುದಿಯಲ್ಲಿ ಸಣ್ಣ ಹಲ್ಲಿನ ಗುಂಡು. ಮೋಟರಿಗೆ ಸಿಕ್ಕಿಸಿದರೆ ಗುಂಡು ತಿರುಗಿ, ಅರ ಹೋಗದ ಸಂದುಗಳನ್ನು ಸವೆಸುತ್ತದೆ. ಎಲ್ಲವನ್ನೂ ಬಸ್ಸಿನ ತಲೆಗೆ ಏರಿಸಿದೆವು. ಕಲ್ಲನ್ನು ಮಾತ್ರ ಅಣ್ಣ ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಮಶೀನು ನಿಲ್ಲಿಸುವ ಕೆಲಸ ಸರಾಗವಾಗಲಿಲ್ಲ. ಮೊದಲ ಸಲ ಮೋಟರು ಉಲ್ಟಾ ತಿರುಗಿತು. ನಾವು ಅದನ್ನು ಗಮನಿಸುವ ಮೊದಲೇ ಕೊಳವೆಯ ತಂತಿಯನ್ನು ಸಿಕ್ಕಿಸಿದ್ದೆವು. ಆ ತಂತಿಯ ಹುರಿ ಒಂದೇ ದಿಕ್ಕಿಗೆ ಬಿಗಿಯಾಗುವಂಥದು. ಉಲ್ಟಾ ತಿರುಗಿದ ಕೂಡಲೇ ಹುರಿ ಬಿಚ್ಚಿ, ಒಳಗೇ ಸುರುಳಿ ಸುತ್ತಿ, ಕೊಳವೆ ನನ್ನ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ನಾನು ಸೊಲ್ಲಾಪುರಕ್ಕೆ ಮತ್ತೆ ಹೋಗಿ ಬೇರೆ ತಂತಿ ತಂದೆ, ಅಷ್ಟರಲ್ಲಿ ಅಣ್ಣ ವಾಯರು ಅದಲು ಬದಲು ಮಾಡಿಸಿ ದಿಕ್ಕು ಸರಿಪಡಿಸಿದ್ದ. ಕಲ್ಲಿಗೆ ಟೋಪಿ ಇಲ್ಲದ್ದಕ್ಕೆ ತಗಡಿನ ಕೆಲಸದವರಿಂದ ಒಂದು ಮುಚ್ಚಳ ಬಗ್ಗಿಸಿಕೊಂಡು ಬಂದೆವು. ಡಬ್ಬಿಯ ತಗಡು, ಪುಡಿ ತಡೆಯಲಿಕ್ಕೆ ಸಾಕು ಎಂದುಕೊಂಡೆವು. ಅಣ್ಣ ಕಲ್ಲನ್ನು ಮತ್ತೆ ಬೆರಳಿಗೆ ತೂಗುಹಾಕಿ ಬಡಿದ. ಶೆಡ್ಡಿನ ತುಂಬ ಟಣ್ಣೆಂದಿತು. ಎರಡೂ ಬದಿಗೆ ದಪ್ಪ ಕಾಗದದ ಬಿಲ್ಲೆ ಇಟ್ಟು, ಉಕ್ಕಿನ ತಟ್ಟೆ ಕೂರಿಸಿ, ನಟ್ಟು ಬಿಗಿದ. ಅವತ್ತಿಡೀ ನಮ್ಮ ಬಾಯಲ್ಲಿ ಒಂದೇ ಮಾತು: ಕಲ್ಲು ತಾ, ಕಲ್ಲು ಹಿಡಿ, ಕಲ್ಲು ಜ್ವಾಕಿ.

ಮೋಟರು ತಿರುಗಿಸಿ ನೋಡಿದ್ದು ಬೇರೆ, ಪೂಜೆಯಿಲ್ಲದೆ ಮಶೀನನ್ನು ಕೆಲಸಕ್ಕೆ ಹಚ್ಚುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅವ್ವ ಸ್ನಾನ ಮಾಡಿ, ತಾಟಿನಲ್ಲಿ ಅರಿಷಿಣ ಕುಂಕುಮ ಹಿಡಿದು ಬಂದಳು. ಮೋಟರಿಗೆ, ದಂಡಕ್ಕೆ, ಕಲ್ಲಿಗೆ ಕುಂಕುಮ ಹಚ್ಚಿದಳು. ಅಣ್ಣ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಪಟ್ಟ ಎಳೆಯುತ್ತಿದ್ದ. ನಾನು ಅದರ ಇನ್ನೊಂದು ತುದಿ ಹಿಡಿದಿದ್ದೆ.

"ಕಾಯಿ ಎಲ್ಲಿ ಒಡೀಲೋ?" ಎಂದು ಅವ್ವ ಕೇಳಿದಳು.

"ಕಲ್ಲಿನ ಮ್ಯಾಲ ಒಡಿಯವ್ವಾ" ಎಂದ ಅಣ್ಣ, ತಲೆ ಎತ್ತದೆ.

ಬಾಗಿಲ ಹೊರಗೆ ಒಂದು ಹಾಸುಗಲ್ಲಿತ್ತು. ನಮ್ಮಲ್ಲಿ ಕಾಯಿ ಒಡೆಯುತ್ತಿದ್ದದ್ದು ಯಾವಾಗಲೂ ಅದರ ಮೇಲೆ. ಆದರೆ ಅವತ್ತು ಬೆಳಗಿನಿಂದ ಆ ಶೆಡ್ಡಿನಲ್ಲಿ ಕಲ್ಲು ಎಂದರೆ ಒಂದೇ ಆಗಿತ್ತು. ಅವ್ವ ತೆಂಗಿನಕಾಯಿ ಎತ್ತಿ, ಮುಚ್ಚಳದ ಹೊರಗೆ ಉಳಿದಿದ್ದ ಎಮರಿ ಕಲ್ಲಿನ ಬದಿಗೆ ಬಡಿದಳು. ಒಡೆಯಲಿಲ್ಲ. ಇನ್ನೂ ಜೋರಾಗಿ ಬಡಿದಳು. ಮತ್ತೊಂದು ಏಟಿಗೆ ಕಾಯಿ ಎರಡಾಗಿ, ನೀರೆಲ್ಲ ಕಲ್ಲಿನ ಮೇಲೆ ಸುರಿದು, ಕುಂಕುಮ ಕರಗಿ ಹರಿಯಿತು.

"ಅಯ್ಯ, ಈ ಕಲ್ಲಲ್ಲವ್ವಾ! ಹೊರಗಿನ ಕಲ್ಲು!" ಎಂದು ಅಣ್ಣ ಕೂಗಿದ.

"ಕಲ್ಲು ಅಂದ್ರ ಯಾ ಕಲ್ಲು ಅಂತ ಹೇಳಬೇಕಪಾ. ನೀವಿಬ್ಬರೂ ಮುಂಜಾನಿಂದ ಇದಕ್ಕ ಕಲ್ಲು ಕಲ್ಲು ಅನ್ನಾಕತ್ತೀರಿ" ಎಂದಳು ಅವ್ವ. ಮೂವರೂ ನಕ್ಕೆವು. ನನಗಂತೂ ಕಣ್ಣಲ್ಲಿ ನೀರು ಬರುವಷ್ಟು ನಗು.

ಅಣ್ಣ ಬಟ್ಟೆಯಿಂದ ಕಲ್ಲನ್ನು ಒರೆಸಿ, ಸುತ್ತ ಬೆರಳಾಡಿಸಿ ನೋಡಿದ. ಎಲ್ಲಿಯೂ ಚಕ್ಕೆ ಎದ್ದಿರಲಿಲ್ಲ. ಬಡಿದು ನೋಡಬೇಕೆಂದರೆ ನಟ್ಟು ಬಿಚ್ಚಿ ಕಲ್ಲನ್ನು ಹೊರಗೆ ತೆಗೆಯಬೇಕು. ಅವನು ಪಾನಾ ಕೈಗೆ ತೆಗೆದುಕೊಂಡಾಗ ಅವ್ವ, "ಪೂಜಿ ಆದ ಮಶೀನು ಬಿಚ್ಚತಾರೇನು? ಅಪಶಕುನ" ಎಂದಳು. ಇದು ಅವಳೊಬ್ಬಳ ಮಾತಲ್ಲ. ಆರತಿ ಆದ ಹತಾರವನ್ನು ಅವತ್ತು ಕಳಚುವುದಿಲ್ಲ, ಇದು ನಮ್ಮ ಕಡೆ ಎಲ್ಲ ಕಾರ್ಖಾನೆಗಳಲ್ಲೂ ಇದ್ದ ರೂಢಿ. ಅಣ್ಣ ಪಾನಾ ಕೆಳಗಿಟ್ಟ. ಗುಂಡಿ ಒತ್ತಿದ. ಕಲ್ಲು ಸದ್ದಿಲ್ಲದೆ ನೆಟ್ಟಗೆ ತಿರುಗಿತು. ಅಷ್ಟು ಚೆನ್ನಾಗಿ ತಿರುಗುವುದನ್ನು ಯಾರು ಅನುಮಾನಿಸುತ್ತಾರೆ?

ಆಮೇಲಿನ ಕೆಲವು ದಿನ ನಮ್ಮ ಶೆಡ್ಡಿನಲ್ಲಿ ಹಬ್ಬ. ಒಂದು ಮುಂಜಾನೆ ಪೂರ್ತಿ ಹಿಡಿಯುತ್ತಿದ್ದ ಗಡ್ಡೆ ಬೀಡಿ ಸೇದಿ ಮುಗಿಸುವುದರೊಳಗೆ ನೆಲಕ್ಕಿಳಿಯುತ್ತಿತ್ತು. ಅಣ್ಣ ಮೊಳಕೈಗಳನ್ನು ಪಕ್ಕೆಗೆ ಒತ್ತಿ ದೀಪ ಹಿಡಿಯುತ್ತಿದ್ದ, ಭುಜಕ್ಕೆ ಕೆಲಸವೇ ಇಲ್ಲ. ಹಿತ್ತಾಳೆ ಮೆತ್ತಗಿನ ಲೋಹ, ಕಲ್ಲಿನ ಕಣಗಳ ನಡುವೆ ಮೆತ್ತಿಕೊಂಡು ಮುಖವನ್ನು ನುಣುಪು ಮಾಡಿಬಿಡುತ್ತದೆ. ಆಗ ಕಲ್ಲು ಕೊರೆಯುವುದಿಲ್ಲ, ಬರೀ ಕಾಯುತ್ತದೆ. ಅದಕ್ಕೆ ಹಲ್ಲುಚಕ್ರದ ಹಿಡಿಕೆಯಿಂದ ಮುಖವನ್ನು ಕೆರೆದು ಮತ್ತೆ ಒರಟು ಮಾಡಬೇಕು. ಇದನ್ನೂ ಅಣ್ಣ ಬೇಗ ಕಲಿತ. ತನ್ನ ಅಂಗಿಯನ್ನು ತಾನೇ ತೊಟ್ಟುಕೊಂಡು ಬಂದ ದಿನ ಅವ್ವ ಹೊರಗಿನವರ ಮುಂದೆಲ್ಲ ಹೇಳಿಕೊಂಡು ಅಡ್ಡಾಡಿದಳು. ಅವನ ಮದುವೆಯ ಮಾತೂ ಆಗ ಎದ್ದಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಕುರನೂರಿನ ಒಬ್ಬ ಪಾಟೀಲರು ತಮ್ಮ ಸಮಯಿ ಜೋಡಿಯನ್ನು ಒಯ್ಯಲು ಜೀಪು ತಂದು ಹೊರಗೆ ಕಾದಿದ್ದರು. ಉಳಿದದ್ದು ಒಂದರ ಬುಡ ಮಾತ್ರ. ಅಣ್ಣ ಗುಂಡಿ ಒತ್ತಿ, ಮೋಟರು ವೇಗಕ್ಕೆ ಬರುವವರೆಗೆ ನಿಂತು, ಬುಡವನ್ನು ಕಲ್ಲಿಗೆ ಹಚ್ಚಿದ. ನಾನು ಪಾಲಿಶ್ ಚಕ್ರದ ಕಡೆ ಬಾಗಿದ್ದೆ. ನೀರು ತುಂಬಿದ ಗಡಿಗೆ ಎತ್ತರದಿಂದ ಬಿದ್ದಂಥ ಸದ್ದು ಬಂತು. ತಲೆ ಎತ್ತಿದರೆ ತಗಡಿನ ಮುಚ್ಚಳ ಕಾಗದದಂತೆ ಹರಿದು ತೆರೆದಿತ್ತು, ಮೇಲಿನ ಛಾವಣಿಯಲ್ಲಿ ತೂತು, ದಂಡ ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲದಲ್ಲಿ ಕೂತಿದ್ದ. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು.

"ಮತ್ತ ಲೈಟ್ ಹೋತೇನೋ?" ಎಂದು ಕೇಳಿದ.

ಲೈಟು ಉರಿಯುತ್ತಿತ್ತು. ನಾನು "ಹೂಂ" ಎಂದೆ.

ಪಾಟೀಲರು ಒಂದು ಮಾತೂ ಕೇಳದೆ ಜೀಪಿನ ಹಿಂದಿನ ಸೀಟು ಖಾಲಿ ಮಾಡಿಸಿದರು. ಸೊಲ್ಲಾಪುರದವರೆಗೆ ಅಣ್ಣನ ತಲೆ ಅವ್ವನ ತೊಡೆಯ ಮೇಲಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಎಡಗಣ್ಣನ್ನು ತೊಳೆದರು, ಕಂಡಿತು. ಬಲಗಣ್ಣಿನೊಳಗೆ ಕಲ್ಲಿನ ಚೂರು ಹೊಕ್ಕಿತ್ತು. ಆ ಕಣ್ಣನ್ನು ಹಾಗೇ ಬಿಟ್ಟರೆ ಒಳ್ಳೆಯ ಕಣ್ಣಿಗೂ ಅಪಾಯ ತಗಲಬಹುದು, ಕಣ್ಣನ್ನೇ ತೆಗೆದುಬಿಡಬೇಕು ಎಂದರು ಡಾಕ್ಟರು. ಅಣ್ಣನೇ ಮಲಗಿದ್ದಲ್ಲಿಂದ, "ಇದು ಉಳೀತೈತಿ ಅಂದ್ರ ಅದನ್ನ ತಗೀರಿ ಸಾಹೇಬ್ರ" ಎಂದ.

ಕಾಕಾ ಆಸ್ಪತ್ರೆಗೆ ಬಂದು ಹಲ್ಲು ಕಡಿದ. "ಆ ಭಂಗಾರದಾವ್ನ ಕಾಲು ಮುರೀತೀನಿ. ಒಡಕ ಕಲ್ಲು ಕೊಟ್ಟಾನ ಮಗಾ. ನೀ ಹೋಗಿ ಚೂರು ಎಲ್ಲಾ ಆರಿಸಿಕೊಂಡು ಬಾ, ಅವನ ಮುಂದ ಇಟ್ಟು ಕೇಳೂಣು."

ನಾನು ಅಕ್ಕಲಕೋಟೆಗೆ ಬಂದು, ಶೆಡ್ಡಿನ ಮೂಲೆ ಮೂಲೆ ಹುಡುಕಿ ಚೂರು ಆರಿಸಿ, ಒಂದು ಗೋಣಿಚೀಲದ ಮೇಲೆ ಜೋಡಿಸಿದೆ. ದೊಡ್ಡವು ಮೂರು, ಉಳಿದದ್ದೆಲ್ಲ ಪುಡಿ. ಒಡೆದ ಮುಖ ಬೂದು ಬಣ್ಣದ ಹೊಸ ಮುಖ. ಆದರೆ ಒಂದು ಚೂರಿನ ಬದಿಯಿಂದ ಒಳಕ್ಕೆ, ಹೆಬ್ಬೆರಳಿನ ಅಗಲದಷ್ಟು, ಕೆಂಪು ಇಳಿದಿತ್ತು. ಮೊದಲು ರಕ್ತವೆಂದುಕೊಂಡೆ. ಉಗುರಿನಿಂದ ಕೆರೆದು ನೋಡಿದೆ. ಕುಂಕುಮ. ತೆಂಗಿನ ನೀರಿನ ಜೊತೆ ಬಿರುಕಿನೊಳಗೆ ಇಳಿದು ಒಣಗಿದ ಕುಂಕುಮ. ಕಲ್ಲು ಬಿರಿದದ್ದು ಯಾವಾಗ ಎಂದು ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಆಗ ನನಗೆ ದುಃಖವಾಗಲಿಲ್ಲ. ಸಿಟ್ಟು ಬಂತು, ಅವ್ವನ ಮೇಲೆ. ಆ ಕಾಯಿಯ ಮೇಲೆ, ಪೂಜೆಯ ಮೇಲೆ, ಬಿಚ್ಚಬಾರದೆಂಬ ರೂಢಿಯ ಮೇಲೆ, ನಮ್ಮ ಭಾಷೆಯಲ್ಲಿ ಎಲ್ಲದಕ್ಕೂ ಕಲ್ಲು ಎನ್ನುವುದರ ಮೇಲೆ. ಆ ಸಿಟ್ಟು ಎಷ್ಟೋ ದಿನ ಇಳಿಯಲಿಲ್ಲ. ಕಾಕಾನ ಬಳಿ ಹೋಗಿ, "ಭಂಗಾರದಾವನ ತಪ್ಪಿಲ್ಲ, ಕಲ್ಲು ನಮ್ಮಲ್ಲೇ ಪೆಟ್ಟು ತಿಂದೈತಿ" ಎಂದಷ್ಟೇ ಹೇಳಿದೆ. ಯಾರ ಕೈಯಿಂದ ಎಂದು ಅವನು ಕೇಳುವುದರೊಳಗೆ ಬಸ್ಸಿನ ಹಾದಿ ಹಿಡಿದೆ.

ಅಣ್ಣ ಊರಿಗೆ ಬಂದು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂರತೊಡಗಿದ. ಅವ್ವ ಒಳಗೆ ಕಸ ಹೊಡೆಯುವಾಗ ಗೋಣಿಚೀಲ ಎಳೆದಳು. ಅವಳು ಓದಿದವಳಲ್ಲ, ಆದರೆ ಕುಂಕುಮ ಗುರುತಿಸಲು ಓದು ಬೇಕಿಲ್ಲ. ಚೂರನ್ನು ಎತ್ತಿ ಹಿಡಿದು ನನ್ನನ್ನೇ ಕೇಳಿದಳು:

"ಇದು ಕಲ್ಲಿನ ಒಳಗ ಹೆಂಗ ಹೋತೋ?"

ನಾನು ಅಣ್ಣನ ಕಡೆ ನೋಡಿದೆ. ಸುಳ್ಳು ಬಾಯಿಗೆ ಬಂದಿತ್ತು, ಕಲ್ಲಿನದೇ ಬಣ್ಣ ಎಂದುಬಿಡಬಹುದಿತ್ತು. ಆದರೆ ಅವಳು ಇನ್ನು ಜೀವಮಾನವಿಡೀ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬಳೇ ಕೂರುವುದು ಬೇಡ ಅನಿಸಿತು. "ಕಾಯಿ ಒಡದಾಗ ಬಿರದೈತಿ ಅವ್ವಾ. ನೀರಿನ ಜೋಡಿ ಒಳಗ ಹೋಗೇತಿ" ಎಂದೆ.

ಅವ್ವ ಅಲ್ಲೇ ಕೂತಳು. ಅಣ್ಣ ಬಾಗಿಲಿಂದ, "ಕಲ್ಲಿನ ಮ್ಯಾಲ ಅಂದಾಂವ ನಾ" ಎಂದ.

"ಬಡದಾಕಿ ನಾ" ಎಂದಳು ಅವ್ವ. "ಬಿಚ್ಚಬ್ಯಾಡ ಅಂದಾಕೀನೂ ನಾನ." ಆಮೇಲೆ ಎದ್ದು ಕಸಬರಿಗೆ ಹಿಡಿದು ಉಳಿದ ಅರ್ಧ ಶೆಡ್ಡನ್ನೂ ಹೊಡೆದಳು. ಅವತ್ತು ಅವಳು ಉಣ್ಣಲಿಲ್ಲ. ಮದುವೆಯ ಮಾತಾಡಿದ್ದವರು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಹೊಸ ಕಲ್ಲು ತಂದೆವು, ಬಡಿದು ನೋಡಿ ಕೂರಿಸಿದೆವು. ದಪ್ಪ ಕಬ್ಬಿಣದ ಕೊಳವೆಯನ್ನು ಕೊಯ್ಯಿಸಿ ಟೋಪಿ ಮಾಡಿಸಿದೆವು. ಅಣ್ಣನಿಗೆ ಚೂರು ತಡೆಯುವ ದಪ್ಪ ಕನ್ನಡಕ ಕೊಡಿಸಿದೆವು. ಮಶೀನಿಗೆ ಇನ್ನೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅಣ್ಣನಲ್ಲಿ. ಒಂದೇ ಕಣ್ಣಿಗೆ ದೂರ ಸಮೀಪದ ಅಳತೆ ಸಿಗುವುದಿಲ್ಲವೆಂದು ಅದುವರೆಗೆ ನಮಗೆ ಗೊತ್ತಿರಲಿಲ್ಲ. ದೀಪ ಕಲ್ಲಿಗೆ ತಾಗಿತೆಂದು ಅವನು ಒತ್ತಿದರೆ ಇನ್ನೂ ಎರಡು ಬೆರಳು ದೂರ. ಇನ್ನೂ ದೂರವಿದೆಯೆಂದು ಸರಿಸಿದರೆ ಧಡ್ಡನೆ ಬಡಿದು, ದೀಪದ ಬುಡದಲ್ಲಿ ಗುಳಿ. ಒಂದು ಸಲ ಬೆರಳ ಗಂಟಿನ ಚರ್ಮ ಹೋಯಿತು. ಅರ ಹಿಡಿಯಲು ಭುಜ ಬಿಡುವುದಿಲ್ಲ, ಕಲ್ಲಿಗೆ ಹಿಡಿಯಲು ಕಣ್ಣು ಬಿಡುವುದಿಲ್ಲ. ಅವನು ಕನ್ನಡಕ ತೆಗೆದಿಟ್ಟು, "ಕಾಕಾಗ ಹೇಳಿ ಕಳಸು. ಅಂಗಡಿಗಿ ಬರ್ತೀನಿ ಅನ್ನು" ಎಂದ. ಅದನ್ನು ಅವನ ಬಾಯಿಂದ ಕೇಳುವುದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕಾಕಾನಿಗೆ ಹೇಳಲು ನಾನು ಬಸ್ಸಿಗೆ ಹೊರಟಾಗ ಅವ್ವ ಶೆಡ್ಡಿಗೆ ಬಂದು, ಮಣೆ ಹಾಕಿಕೊಂಡು, ಮಶೀನಿನ ಬದಿಗೆ ಕೂತಳು.

"ಹಚ್ಚು. ನಾ ಹೇಳ್ತೀನಿ."

"ಅಲ್ಲಿ ಕೂಡಬ್ಯಾಡವ್ವಾ, ಕಲ್ಲು" ಎಂದ ಅಣ್ಣ.

"ನನಗ ಗೊತ್ತೈತಿ ಅದೇನಂತ. ಹಚ್ಚು."

ಬದಿಯಿಂದ ನೋಡುವವರಿಗೆ ಕಲ್ಲಿಗೂ ದೀಪಕ್ಕೂ ನಡುವಿನ ಬೆಳಕು ಚೆನ್ನಾಗಿ ಕಾಣುತ್ತದೆ. ಅಣ್ಣ ದೀಪವನ್ನು ಮುಂದೆ ತಂದಂತೆ ಅವ್ವ, "ಇನ್ನಾ... ಇನ್ನಾ... ಬಂತು" ಎಂದಳು. ಅವನು ಮೆಲ್ಲಗೆ ಒತ್ತಿದ. ಕಿಡಿಯಿಲ್ಲದ ಹಳದಿ ಪುಡಿ ಉದುರಿತು. ನಾನು ಬಸ್ಸಿಗೆ ಹೋಗಲಿಲ್ಲ. ಒಂದು ದಪ್ಪ ಹಲಗೆ ತಂದು ಅವಳಿಗೂ ಕಲ್ಲಿಗೂ ನಡುವೆ ಬಡಿದೆ, ಅವಳು ನೋಡುವಷ್ಟು ಮಾತ್ರ ಸಂದು ಬಿಟ್ಟೆ.

ಹೀಗೇ ನಡೆಯಿತು. ಬಿಸಿಲಲ್ಲಿ ತಗಡಿನ ಶೆಡ್ಡು ಒಲೆಯಾಗುತ್ತಿತ್ತು, ಹಿತ್ತಾಳೆ ಪುಡಿಗೆ ಅವಳು ಕೆಮ್ಮುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ. ದಿನವಿಡೀ ಅವೇ ಎರಡು ಮಾತು: ಇನ್ನಾ, ಬಂತು. ಅದನ್ನು ಕೇಳಿ ಕೇಳಿ ನನ್ನ ಸಿಟ್ಟೂ ಸವೆದುಹೋಯಿತು.

ಮುಂದಿನ ವರ್ಷ ಒಂದು ಮಧ್ಯಾಹ್ನ ಅವ್ವ ಹಲಗೆಗೆ ಒರಗಿ ತೂಕಡಿಸಿದ್ದಳು. ಅಣ್ಣ ಒಂದು ಸಮಯಿಯ ಬುಡ ಎತ್ತಿ ಸೀದಾ ಕಲ್ಲಿಗೆ ಹಚ್ಚಿದ. ಧಡ್ ಅನ್ನಲಿಲ್ಲ, ಗುಳಿ ಬೀಳಲಿಲ್ಲ. ಇನ್ನೊಂದು ಎತ್ತಿದ, ಅದೂ ಹಾಗೇ ನುಣ್ಣಗೆ ಕೂತಿತು. ಅವನ ಒಂದೇ ಕಣ್ಣು ಯಾವಾಗಲೋ ಅಳತೆ ಕಲಿತುಬಿಟ್ಟಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವನು ತಲೆಯಾಡಿಸಿ ಸುಮ್ಮನಿರು ಎಂದ.

ಅವ್ವನಿಗೆ ಎಚ್ಚರವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಸಂದಿನೊಳಗೆ ಕಣ್ಣಿಟ್ಟಳು. ಅಣ್ಣ ಮೂರನೆಯ ದೀಪವನ್ನು ಕಲ್ಲಿನಿಂದ ಒಂದು ಬೆರಳು ದೂರದಲ್ಲಿ ನಿಲ್ಲಿಸಿ, ಅವಳು ಬಂತು ಅನ್ನುವವರೆಗೆ ಕಾದ.